ದಿನಕ್ಕೆ ಒಂದು ಮಿಲಿಮೀಟರ್: ನನ್ನ ಕಾಲಿನಲ್ಲಿ ಹೊಸ ಮೂಳೆ ಬೆಳೆದದ್ದು

ನನ್ನ ಎಡಗಾಲಿನ ಟಿಬಿಯಾದಲ್ಲಿ, ಅಂದ್ರೆ ಮಂಡಿಯ ಕೆಳಗಿನ ದೊಡ್ಡ ಮೂಳೆಯಲ್ಲಿ, ಸುಮಾರು 5 ಸೆಂಟಿಮೀಟರ್‌ನಷ್ಟು ಮೂಳೆ ಹೊಸದು. ಅದು ಹುಟ್ಟಿದಾಗ ಇರಲಿಲ್ಲ. ಯಾರೂ ತಂದು ಜೋಡಿಸಿದ್ದಲ್ಲ. ನಲವತ್ತರ ಹತ್ತಿರದ ವಯಸ್ಸಿನಲ್ಲಿ, ಒಂದೊಂದು ಎಕ್ಸ್‌ರೇಯಲ್ಲೂ ಸ್ವಲ್ಪ ಸ್ವಲ್ಪ ಕಾಣುತ್ತಾ, ಅಲ್ಲೇ ಬೆಳೆದದ್ದು.

ಇಲಿಜರೋವ್ ರಿಂಗ್ ಹಾಕಬೇಕು ಅಂತ ಡಾಕ್ಟರ್ ಹೇಳಿದ ದಿನ ರಾತ್ರಿ ಎಲ್ಲರೂ ಮಾಡುವುದು ಒಂದೇ. ಫೋನ್ ತೆಗೆದು ಫೋಟೋ ಹುಡುಕುತ್ತಾರೆ. ಕಾಲಿನ ಸುತ್ತ ಸ್ಟೀಲ್ ಬಳೆ, ಚರ್ಮದೊಳಗೆ ಹೋಗಿರೋ ತಂತಿ, ನಟ್ಟು, ರಾಡು. ನೋಡಿದರೆ ಯಾರಿಗಾದರೂ ಹೆದರಿಕೆ ಆಗುತ್ತದೆ. ಒಳಗೆ ಏನು ನಡೆಯುತ್ತದೆ ಅನ್ನೋದು ಯಾವ ಫೋಟೋದಲ್ಲೂ ಇಲ್ಲ. ನನಗೆ ಅದನ್ನು ಬಿಡಿಸಿ ಹೇಳಿದವರು ಒಬ್ಬ ಪಿಜಿ ಡಾಕ್ಟರ್, ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. ಅವರಿಂದ ಕಲಿತದ್ದನ್ನು, ಆಮೇಲೆ ನಾನೇ ಓದಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ತಿಂಗಳುಗಳನ್ನು ಕಳೆಯಲು ನನಗೆ ಮಾತ್ರೆಗಿಂತ ಜಾಸ್ತಿ ಸಹಾಯ ಮಾಡಿದ್ದು ಈ ತಿಳುವಳಿಕೆ.

ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ಲೇತ್ ನಡೆಸುವ ಕೆಲಸ ನನ್ನದು. ಸೆಕೆಂಡ್ ಶಿಫ್ಟ್ ಮುಗಿಸಿ ಬೈಕ್‌ನಲ್ಲಿ ಬರುವಾಗ ಟೆಂಪೋ ಪಕ್ಕದಿಂದ ಬಂದು ಗುದ್ದಿತು. ಮೂಳೆ ಚರ್ಮ ಹರಿದುಕೊಂಡು ಹೊರಗೆ ಬಂದಿತ್ತು. ಟಿಬಿಯಾದ ಮುಂಭಾಗದಲ್ಲಿ ಮಾಂಸ ಇಲ್ಲ. ಚರ್ಮದ ಕೆಳಗೆ ನೇರವಾಗಿ ಮೂಳೆ, ಕೈಯಿಟ್ಟು ಸವರಿದರೆ ಗೊತ್ತಾಗುತ್ತದೆ. ಅದಕ್ಕೇ ಈ ಮೂಳೆ ಮುರಿದರೆ ಹೊರಗೆ ಬರೋದು ಜಾಸ್ತಿ. ಮೂಳೆಗೆ ರಕ್ತ ಕೊಡುವ ಮಾಂಸವೂ ಅಲ್ಲಿ ಕಮ್ಮಿ. ಆ ರಾತ್ರಿಯೇ ತೊಳೆದು, ಒಳಗೆ ರಾಡ್ ಹಾಕಿದರು. ಕೆಲವು ತಿಂಗಳಿಗೆ ಗಾಯದ ಒಂದು ಮೂಲೆಯಿಂದ ಕೀವು ಜಿನುಗತೊಡಗಿತು. ನಿಲ್ಲುತ್ತದೆ, ಮತ್ತೆ ಬರುತ್ತದೆ. ಎಕ್ಸ್‌ರೇಯಲ್ಲಿ ಮುರಿದ ಗೆರೆ ಹಾಗೇ ಇತ್ತು. ಮೂಳೆ ಕೂಡಿರಲಿಲ್ಲ.

ನೆಂಟರಿಷ್ಟರು ಪುತ್ತೂರು ಕಟ್ಟು ಹಾಕಿಸು ಅಂದರು. ನಮ್ಮ ದೊಡ್ಡಪ್ಪನ ಕೈ ಅಲ್ಲೇ ಕಟ್ಟಿಸಿ ಸರಿಹೋಗಿತ್ತು, ಅದು ನಿಜ. ಇದನ್ನು ಡಾಕ್ಟರ್ ಹತ್ತಿರ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ನೋಡಿ, ಮುರಿದ ಮೂಳೆಯನ್ನು ಕೂಡಿಸೋದು ಕಟ್ಟೂ ಅಲ್ಲ, ನಾನೂ ಅಲ್ಲ. ಅಲ್ಲಿರೋ ಜೀವಕೋಶಗಳೇ ಕೂಡಿಸಬೇಕು. ನಿಮ್ಮ ಕಾಲಲ್ಲಿ ಆ ಜಾಗದ ಕೋಶಗಳು ಸತ್ತಿವೆ. ಸತ್ತ ಮೂಳೆಗೆ ಏನು ಕಟ್ಟಿದರೂ ಕೂಡೋದಿಲ್ಲ" ಅಂದರು.

ಮೂಳೆಯಲ್ಲಿ ಜೀವಕೋಶ ಇರುತ್ತದೆ ಅನ್ನೋದೇ ನನಗೆ ಹೊಸದು. ಮೂಳೆ ಅಂದ್ರೆ ಸುಣ್ಣದಂಥ ಗಟ್ಟಿ ವಸ್ತು ಅಂತ ತಿಳಿದಿದ್ದೆ. ಶಾಲೆಯ ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರ ನೋಡಿ ಬೆಳೆದವರಿಗೆಲ್ಲ ಹಾಗೇ ಅನ್ನಿಸುತ್ತದೆ, ಅಲ್ವಾ?

ಸಾಮಾನ್ಯವಾಗಿ ಮೂಳೆ ಮುರಿದಾಗ ನಡೆಯೋದು ಇದು. ಮುರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನೊಳಕ್ಕೆ ರಕ್ಷಣೆಯ ಬಿಳಿ ರಕ್ತಕಣಗಳು ಬರುತ್ತವೆ. ಅವುಗಳ ಹಿಂದೆ ಕಾಂಡಕೋಶಗಳು ಬರುತ್ತವೆ. ಮೂಳೆಯ ಹೊರಗೆ ಅಂಟಿಕೊಂಡಿರುವ ತೆಳು ಪೊರೆ, ಅದಕ್ಕೆ ಪೆರಿಯೋಸ್ಟಿಯಂ ಅನ್ನುತ್ತಾರೆ, ಮತ್ತು ಒಳಗಿನ ಮಜ್ಜೆ, ಇವೆರಡೂ ಆ ಕೋಶಗಳ ಮನೆ. ಕಾಂಡಕೋಶ ಇನ್ನೂ ಏನೂ ಆಗಿರುವುದಿಲ್ಲ. ಅದು ಕಾರ್ಟಿಲೇಜ್ ಮಾಡುವ ಕೋಶ ಆಗಬಹುದು, ಅಂದ್ರೆ ಮೂಗಿನ ತುದಿಯಲ್ಲಿರೋ ಥರದ ಮೆತ್ತನೆ ಎಲುಬು. ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್ ಆಗಬಹುದು. ಕೊಬ್ಬಿನ ಕೋಶವೂ ಆಗಬಹುದು. ಅದು ಏನಾಗಬೇಕು ಅನ್ನೋದನ್ನು ಸುತ್ತಲಿನ ರಕ್ತ, ಆಮ್ಲಜನಕ, ಅಲುಗಾಟ, ರಾಸಾಯನಿಕ ಸಂಕೇತ ಇವೆಲ್ಲ ಸೇರಿ ತೀರ್ಮಾನಿಸುತ್ತವೆ. ಆಸ್ಟಿಯೋಬ್ಲಾಸ್ಟ್ ಆಗಬೇಕಾದರೆ ಅದರೊಳಗೆ ರನ್ಕ್ಸ್2 ಅನ್ನೋ ಜೀನ್ ಕೆಲಸ ಶುರು ಮಾಡಬೇಕು. 1997ರಲ್ಲಿ ಈ ಜೀನ್ ಇಲ್ಲದ ಇಲಿಮರಿಗಳನ್ನು ವಿಜ್ಞಾನಿಗಳು ನೋಡಿದಾಗ, ಅವುಗಳ ಇಡೀ ಅಸ್ಥಿಪಂಜರ ಬರೀ ಕಾರ್ಟಿಲೇಜ್ ಆಗಿತ್ತು. ಮೂಳೆಯೇ ಇರಲಿಲ್ಲ. ಹುಟ್ಟಿದ ಕೂಡಲೇ ಉಸಿರಾಡಲಾಗದೆ ಸತ್ತವು.

ಮುರಿದ ತುದಿಗಳು ತುಂಬಾ ಅಲುಗಾಡಿದರೆ ಆ ಕೋಶಗಳು ನಾರಾಗಿಬಿಡುತ್ತವೆ. ಸ್ವಲ್ಪ ಅಲುಗಾಟ ಇದ್ದರೆ ಮೊದಲು ಕಾರ್ಟಿಲೇಜ್, ಆಮೇಲೆ ಮೂಳೆ. ನನ್ನ ಕಾಲಲ್ಲಿ ತೊಂದರೆ ಬೇರೆ ಇತ್ತು. ಸೋಂಕಿನಿಂದ ರಕ್ತನಾಳಗಳು ಮುಚ್ಚಿ, ಒಂದು ತುಂಡು ಮೂಳೆ ಸತ್ತಿತ್ತು. ರಕ್ತ ಹೋಗದ ಕಡೆ ಆ್ಯಂಟಿಬಯೋಟಿಕ್ ಕೂಡ ಹೋಗುವುದಿಲ್ಲ. ಬ್ಯಾಕ್ಟೀರಿಯಾ ಅಲ್ಲೇ ಕೂತಿರುತ್ತದೆ. ಮೂಳೆಯೊಳಗಿನ ಕೂದಲಿಗಿಂತ ಸಣ್ಣ ಕಾಲುವೆಗಳಲ್ಲೂ ಅದು ಅಡಗಿಕೊಳ್ಳಬಲ್ಲದು. ಸತ್ತ ತುಂಡನ್ನು ಪೂರ್ತಿ ತೆಗೆಯಲೇಬೇಕಿತ್ತು.

ಆಪರೇಷನ್‌ನಲ್ಲಿ ರಾಡ್ ತೆಗೆದರು. ಸತ್ತ ಮೂಳೆಯನ್ನು ಕೊಯ್ಯುತ್ತಾ ಹೋದರು. ಎಲ್ಲಿ ನಿಲ್ಲಿಸಬೇಕು ಅಂತ ಹೇಗೆ ಗೊತ್ತಾಗುತ್ತದೆ ಅಂತ ನಾನು ಆಮೇಲೆ ಕೇಳಿದ್ದೆ. ಸತ್ತ ಮೂಳೆ ಬೆಳ್ಳಗೆ, ಒಣಗಿರುತ್ತದಂತೆ. ಜೀವ ಇರುವ ಮೂಳೆಯ ಕೊಯ್ದ ಮುಖದಲ್ಲಿ ರಕ್ತದ ಸಣ್ಣ ಸಣ್ಣ ಚುಕ್ಕಿಗಳು ಮೂಡುತ್ತವೆ. ಚುಕ್ಕಿ ಕಂಡಲ್ಲಿ ನಿಲ್ಲಿಸುತ್ತಾರೆ. ನನ್ನ ಕಾಲಲ್ಲಿ ಚುಕ್ಕಿ ಕಾಣುವ ಹೊತ್ತಿಗೆ ಸುಮಾರು 5 ಸೆಂಟಿಮೀಟರ್ ಖಾಲಿ ಆಗಿತ್ತು.

ಆಮೇಲೆ ಮಾಡಿದ ಕೆಲಸ ಕೇಳಿ ನಮ್ಮಮ್ಮ "ಅಯ್ಯೋ, ಚೆನ್ನಾಗಿರೋದನ್ನೂ ಯಾಕಪ್ಪಾ ಮುರಿದರು?" ಅಂತ ಅತ್ತರು. ಮಂಡಿಯ ಸ್ವಲ್ಪ ಕೆಳಗೆ, ಆರೋಗ್ಯವಾಗಿದ್ದ ಜಾಗದಲ್ಲಿ, ಸಣ್ಣ ಗಾಯ ಮಾಡಿ ಉಳಿಯಿಂದ ಮೂಳೆಯ ಗಟ್ಟಿ ಹೊರಗೋಡೆಯನ್ನು ಮಾತ್ರ ಕತ್ತರಿಸಿದರು. ಪೆರಿಯೋಸ್ಟಿಯಂ ಪೊರೆ, ಒಳಗಿನ ಮಜ್ಜೆ ಎರಡನ್ನೂ ಆದಷ್ಟು ಕಾಪಾಡಿದರು. ಹೊಸ ಮೂಳೆ ಹುಟ್ಟಬೇಕಾದದ್ದು ಈ ಕತ್ತರಿಸಿದ ಜಾಗದಲ್ಲಿ. ಈ ಜಾಗಕ್ಕೂ ಕೆಳಗಿನ ಖಾಲಿ ಜಾಗಕ್ಕೂ ನಡುವಿನ ಮೂಳೆ ತುಂಡನ್ನು, ಅದಕ್ಕೆ ತಂತಿಯಿಂದ ಜೋಡಿಸಿದ ರಿಂಗ್ ಮೂಲಕ, ದಿನಾ ಒಂದಿಷ್ಟು ಕೆಳಗೆ ಸರಿಸುತ್ತಾ ಹೋಗುವುದು. ಕೆಳಗಿನ ಖಾಲಿ ಜಾಗ ಮುಚ್ಚುತ್ತಾ ಬರುತ್ತದೆ. ಮೇಲೆ ಹೊಸದಾಗಿ ತೆರೆದುಕೊಳ್ಳುವ ಜಾಗದಲ್ಲಿ ಮೂಳೆ ಬೆಳೆಯುತ್ತದೆ.

ಇದನ್ನು ಕಂಡುಕೊಂಡವರು ಗವ್ರಿಲ್ ಇಲಿಜರೋವ್. ಸೈಬೀರಿಯಾದ ಕುರ್ಗಾನ್ ಕಡೆಯ ಡಾಕ್ಟರ್. ಎರಡನೇ ಮಹಾಯುದ್ಧದಲ್ಲಿ ಕಾಲು ಹಾಳಾದವರು ಅಲ್ಲಿ ಬೇಕಾದಷ್ಟು ಜನ ಇದ್ದರು. 1950ರ ದಶಕದ ಶುರುವಿನಲ್ಲಿ ಅವರು ಈ ರಿಂಗ್ ಮಾಡಿದರು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಹೈಜಂಪ್ ಚಿನ್ನ ಗೆದ್ದಿದ್ದ ವಲೇರಿ ಬ್ರೂಮೆಲ್‌ಗೆ 1965ರಲ್ಲಿ ಮೋಟಾರ್ ಸೈಕಲ್ ಅಪಘಾತವಾಗಿ ಕಾಲು ಚೂರಾಗಿತ್ತು. ಎಷ್ಟೋ ಆಪರೇಷನ್ ಆದರೂ ಕೂಡಿರಲಿಲ್ಲ. ಇಲಿಜರೋವ್ ಚಿಕಿತ್ಸೆಯ ನಂತರ ಅವರು ಮತ್ತೆ 2 ಮೀಟರ್‌ಗಿಂತ ಎತ್ತರ ಹಾರಿದರು. ಇದನ್ನು ಓದಿದ ದಿನ ನಾನು ನನ್ನ ಹೆಂಡತಿಯನ್ನು ಕೂಗಿ ಕರೆದು ಓದಿ ಹೇಳಿದ್ದೆ. ಪಶ್ಚಿಮದ ದೇಶಗಳಿಗೆ ಈ ವಿಧಾನ ತಲುಪಿದ್ದು ತುಂಬಾ ತಡವಾಗಿ, 1981ರ ಸುಮಾರಿಗೆ, ಇಟಲಿಯ ಮೂಲಕ.

ಆಪರೇಷನ್ ಆದ ಕೂಡಲೇ ನಟ್ಟು ತಿರುಗಿಸುವುದಿಲ್ಲ. 5ರಿಂದ 7 ದಿನ ಸುಮ್ನೆ ಬಿಡುತ್ತಾರೆ. ಹೊರಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಆದರೆ ಹೆಪ್ಪುಗಟ್ಟಿದ ರಕ್ತದೊಳಗೆ ಹೊಸ ರಕ್ತನಾಳಗಳು ಮೊಳೆಯುವುದು, ಕಾಂಡಕೋಶಗಳು ಬಂದು ಸೇರುವುದು ಈ ದಿನಗಳಲ್ಲೇ. ಅವಸರ ಮಾಡಿ ಎಳೆದರೆ ಎಳೆಯಲು ಅಲ್ಲಿ ಏನೂ ಇರುವುದಿಲ್ಲ.

ಆಮೇಲೆ ಡಾಕ್ಟರ್ ಒಂದು 10 ನಂಬರ್ ಸ್ಪ್ಯಾನರ್ ತಂದು ನನ್ನ ಕೈಗೆ ಕೊಟ್ಟರು. ನಾನು ಹುಟ್ಟಿದಾಗಿನಿಂದ ಸ್ಪ್ಯಾನರ್ ಹಿಡಿದವನು. ರಿಂಗ್‌ಗಳನ್ನು ಒಂದಕ್ಕೊಂದು ಜೋಡಿಸಿದ್ದ ಹೊರಗಿನ ರಾಡಿನ ಮೇಲಿನ ಥ್ರೆಡ್ ನೋಡಿದೆ. ಪಿಚ್ 1 ಮಿಲಿಮೀಟರ್. ನಟ್ಟನ್ನು ಪೂರ್ತಿ ಒಂದು ಸುತ್ತು ತಿರುಗಿಸಿದರೆ ರಿಂಗ್ ಒಂದು ಮಿಲಿಮೀಟರ್ ಸರಿಯುತ್ತದೆ, ಕಾಲು ಸುತ್ತಿಗೆ 0.25. ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ಕಾಲು ಸುತ್ತು. ಮಧ್ಯದ ರಿಂಗ್‌ನ ಕೆಳಗಿನ ನಟ್ಟನ್ನು ಕಾಲು ಸುತ್ತು ಸಡಿಲ ಮಾಡಬೇಕು, ಮೇಲಿನ ನಟ್ಟನ್ನು ಅಷ್ಟೇ ಬಿಗಿ ಮಾಡಬೇಕು. ಎಲ್ಲಾ ರಾಡಿಗೂ ಒಂದೇ ಸಮ. ಹೆಂಡತಿ ನೈಲ್ ಪಾಲಿಶ್‌ನಿಂದ ಪ್ರತಿ ನಟ್ಟಿನ ಒಂದು ಮುಖಕ್ಕೆ ಗುರುತು ಹಾಕಿದಳು. ಕ್ಯಾಲೆಂಡರ್‌ನಲ್ಲಿ ಪ್ರತಿ ತಾರೀಕಿನ ಕೆಳಗೆ ನಾಲ್ಕು ಗೀಟು.

ಈ ಲೆಕ್ಕ ಎಲ್ಲಿಂದ ಬಂತು ಅನ್ನೋದು ನನಗೆ ತುಂಬಾ ಹಿಡಿಸಿತು. ಇಲಿಜರೋವ್ ನಾಯಿಗಳ ಮೇಲೆ ಬೇರೆ ಬೇರೆ ವೇಗದಲ್ಲಿ ಎಳೆದು ನೋಡಿದ್ದರು. ದಿನಕ್ಕೆ ಅರ್ಧ ಮಿಲಿಮೀಟರ್ ಎಳೆದರೆ ಮೂಳೆ ಬೇಗ ಗಟ್ಟಿಯಾಗಿ, ಮುಂದೆ ಎಳೆಯಲು ಬಿಡುವುದಿಲ್ಲ. 2 ಮಿಲಿಮೀಟರ್ ಎಳೆದರೆ ರಕ್ತನಾಳ, ನರ, ಮಾಂಸ ತಡೆಯುವುದಿಲ್ಲ, ಮೂಳೆ ಸರಿಯಾಗಿ ಬೆಳೆಯುವುದಿಲ್ಲ. ಒಂದು ಮಿಲಿಮೀಟರ್ ಸರಿ. ಅದನ್ನೂ ಒಂದೇ ಸಲಕ್ಕಿಂತ ಹಲವು ಸಲಕ್ಕೆ ಹಂಚಿದರೆ ಇನ್ನೂ ಒಳ್ಳೆಯದು. ಮಷಿನ್ ಶಾಪ್‌ನಲ್ಲಿ ಫೀಡ್ ರೇಟ್, ಅಂದ್ರೆ ಕತ್ತರಿಸುವ ಟೂಲ್ ಮುಂದೆ ಸರಿಯುವ ವೇಗ, ತಪ್ಪಿದರೆ ಪೀಸ್ ಹೋಗುತ್ತದೆ ಅಂತ ಗೊತ್ತಿದ್ದ ನನಗೆ ಇದು ಒಂದೇ ಮಾತಿಗೆ ಅರ್ಥವಾಯಿತು.

ನೋವಿನ ಬಗ್ಗೆ ಮುಚ್ಚುಮರೆ ಬೇಡ. ಕಾಲು ಸುತ್ತು ತಿರುಗಿಸುವಾಗ ನೋವಿಲ್ಲ. ಸಂಜೆಯ ಹೊತ್ತಿಗೆ ಮೀನಖಂಡ ಬಿಗಿಯುತ್ತದೆ. ಮೂಳೆ ತುಂಡಿನ ಜೊತೆ ತಂತಿಯೂ ಕೆಳಗೆ ಸರಿಯುವುದರಿಂದ ಚರ್ಮವನ್ನು ನಿಧಾನ ಸೀಳುತ್ತಾ ಹೋಗುತ್ತದೆ. ಹಿಂದೆ ಗಾಯ ಮಾಯುತ್ತಾ ಬರುತ್ತದೆ, ಮುಂದೆ ಸೀಳುತ್ತಾ ಹೋಗುತ್ತದೆ. ರಾತ್ರಿ ನಿದ್ದೆ ಕಷ್ಟ. ತಂತಿ ಒಳಗೆ ಹೋಗುವ ಒಂದೊಂದು ಜಾಗವನ್ನೂ ದಿನಾ ಸಲೈನ್‌ನಲ್ಲಿ ನೆನೆಸಿದ ಗಾಜ್ ಬಟ್ಟೆಯಿಂದ ಒರೆಸಿ, ಒಣಗಿಸಿ, ಹೊಸ ಗಾಜ್ ಬಟ್ಟೆ ಸುತ್ತಬೇಕು. ಕೆಂಪಾದರೆ, ಬಿಸಿಯಾದರೆ, ಕೀವು ಕಂಡರೆ ಮಾರನೇ ದಿನಕ್ಕೆ ಕಾಯದೆ ಫೋನ್ ಮಾಡಬೇಕು. ನನಗೂ ಒಂದೆರಡು ಕಡೆ ಸೋಂಕಾಗಿ ಮಾತ್ರೆ ತಗೊಂಡೆ. ಇದು ರಿಂಗ್ ಹಾಕಿಸಿಕೊಂಡ ಹೆಚ್ಚಿನವರಿಗೆ ಆಗುತ್ತದೆ. ಹೆದರುವ ಅಗತ್ಯ ಇಲ್ಲ, ಉದಾಸೀನ ಮಾತ್ರ ಕೂಡದು.

ತಿಂಗಳ ಹೊತ್ತಿಗೆ ತೆಗೆದ ಎಕ್ಸ್‌ರೇಯಲ್ಲಿ ಮೇಲಿನ ಖಾಲಿ ಜಾಗ ಕಪ್ಪಗೆ ಕಾಣುತ್ತಿತ್ತು. ನನ್ನ ಕಣ್ಣಿಗೆ ಏನೂ ಇಲ್ಲ. ಆ ಪಿಜಿ ಡಾಕ್ಟರ್ ಫಿಲ್ಮನ್ನು ಬೆಳಕಿಗೆ ಓರೆಯಾಗಿ ಹಿಡಿದು "ಇಲ್ಲಿ ನೋಡಿ ಅಣ್ಣಾ" ಅಂದರು. ಮೇಲಿನ ತುದಿಯಿಂದ ಕೆಳಕ್ಕೆ, ಕೆಳಗಿನ ತುದಿಯಿಂದ ಮೇಲಕ್ಕೆ, ಹೊಗೆಯಷ್ಟು ತೆಳುವಾದ ಬಿಳಿ ಗೆರೆಗಳು. ಎಲ್ಲವೂ ಉದ್ದುದ್ದ, ಒಂದಕ್ಕೊಂದು ಸಮಾನಾಂತರ. ಮಧ್ಯದಲ್ಲಿ ಕಪ್ಪು ಪಟ್ಟಿ.

ಅವತ್ತು ಅವರು ಲ್ಯಾಪ್‌ಟಾಪ್‌ನಲ್ಲಿ ಮೈಕ್ರೋಸ್ಕೋಪ್ ಚಿತ್ರ ತೆಗೆದು ತೋರಿಸಿದರು. ಅದು ನನ್ನ ಕಾಲಿನದ್ದಲ್ಲ, ಹೀಗೇ ಎಳೆದು ಬೆಳೆಸಿದ ಇನ್ನೊಂದು ಮೂಳೆಯದ್ದು. ಮಧ್ಯದ ಕಪ್ಪು ಪಟ್ಟಿಯ ಜಾಗದಲ್ಲಿ ಕೊಲ್ಯಾಜೆನ್ ಅನ್ನೋ ಪ್ರೋಟೀನಿನ ಎಳೆಗಳು ಮಗ್ಗಕ್ಕೆ ಹಾಸು ಹಾಕಿದ ಹಾಗೆ ಎಳೆತದ ದಿಕ್ಕಿನಲ್ಲೇ ಸಾಲಾಗಿ ನಿಂತಿದ್ದವು. ನಡುವೆ ಉದ್ದಕ್ಕೆ ಚಾಚಿಕೊಂಡ ಕೋಶಗಳು. ಎಳೆತ ಇರುವ ತನಕ ಅಲ್ಲಿ ಕೋಶಗಳು ಹುಟ್ಟುತ್ತಲೇ ಇರುತ್ತವೆ. ಎರಡೂ ಅಂಚಿನ ಕಡೆ ಬಂದರೆ ಚಿತ್ರ ಬದಲಾಗುತ್ತದೆ. ಗುಲಾಬಿ ಬಣ್ಣದ ಕಂಬಗಳ ಮೈಮೇಲೆ ದಪ್ಪ ದಪ್ಪ ನೇರಳೆ ಕೋಶಗಳು ಒತ್ತೊತ್ತಾಗಿ ಕೂತಿದ್ದವು. ಅವೇ ಆಸ್ಟಿಯೋಬ್ಲಾಸ್ಟ್. ಅವು ಮೊದಲು ಮೆತ್ತನೆಯ ಕೊಲ್ಯಾಜೆನ್ ಪದರ ಹಾಕುತ್ತವೆ. ಅದರಲ್ಲಿ ಆಮೇಲೆ ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿ ಹರಳುಗಟ್ಟಿ ಮೂಳೆಯಾಗುತ್ತದೆ. ಎಕ್ಸ್‌ರೇಯಲ್ಲಿ ಬಿಳಿ ಗೆರೆಯಾಗಿ ಕಂಡದ್ದು ಈ ಕಂಬಗಳೇ. ವಿಶೇಷ ಏನಂದರೆ, ಇಲ್ಲಿ ಹೆಚ್ಚಿನ ಪಾಲು ಕಾರ್ಟಿಲೇಜ್ ಹಂತವೇ ಇಲ್ಲ. ನೇರವಾಗಿ ಮೂಳೆ. ಮಗುವಿನ ತಲೆಬುರುಡೆಯ ಮೂಳೆ ಬೆಳೆಯುವುದೂ ಹೀಗೇ.

ಆ ಚಿತ್ರ ನೋಡಿದ ಮೇಲೆ ರಾತ್ರಿ ಹನ್ನೆರಡರ ಕಾಲು ಸುತ್ತು ನನಗೆ ಭಾರ ಅನ್ನಿಸಲಿಲ್ಲ. ನಾನು ತಿರುಗಿಸುವ 0.25 ಮಿಲಿಮೀಟರ್ ಆ ಕೋಶಗಳಿಗೆ ತಲುಪುತ್ತದೆ. ಅವು ಅದಕ್ಕೆ ಉತ್ತರ ಕೊಡುತ್ತವೆ.

ನಾನು ಮಾಡಬೇಕಿದ್ದ ಇನ್ನೊಂದು ಕೆಲಸ ಅಂದ್ರೆ ನಡೆದಾಡುವುದು. ರಿಂಗ್ ಇರುವಾಗಲೇ ಕಾಲಿನ ಮೇಲೆ ಭಾರ ಹಾಕಿ ಅನ್ನುತ್ತಾರೆ. ಮುರಿದ ಕಾಲಿನ ಮೇಲೆ ನಿಲ್ಲುವುದಾ ಅಂತ ಮನೆಯವರಿಗೆಲ್ಲ ಗಾಬರಿ. ರಿಂಗ್ ಹಿಡಿದಿರುವುದು 1.8 ಮಿಲಿಮೀಟರ್‌ನ ತೆಳು ತಂತಿಗಳಲ್ಲಿ, ಅವನ್ನು ಸುಮಾರು 100 ಕಿಲೋ ಎಳೆತಕ್ಕೆ ಬಿಗಿದಿರುತ್ತಾರೆ. ಅಡ್ಡಕ್ಕೆ ಅಲುಗಲು ಬಿಡುವುದಿಲ್ಲ, ಆದರೆ ಹೆಜ್ಜೆ ಇಟ್ಟಾಗ ಮೇಲೆ ಕೆಳಗೆ ಒಂದು ಚೂರು ಬಾಗುತ್ತವೆ. ಆ ಚೂರು ಅಲುಗಾಟವೇ ಮೂಳೆಗೆ ಬೇಕಾದದ್ದು. 1985ರಲ್ಲಿ ಇಂಗ್ಲೆಂಡಿನಲ್ಲಿ ಗುಡ್‌ಶಿಪ್ ಮತ್ತು ಕೆನ್‌ರೈಟ್ ಅನ್ನುವವರು ಕುರಿಗಳ ಕಾಲಿನಲ್ಲಿ ಇದನ್ನು ತೋರಿಸಿದರು. ಪೂರ್ತಿ ಬಿಗಿಯಾಗಿ ಹಿಡಿದ ಮೂಳೆಗಿಂತ, ಉದ್ದಕ್ಕೆ ಸ್ವಲ್ಪ ಅಲುಗಲು ಬಿಟ್ಟ ಮೂಳೆ ಚೆನ್ನಾಗಿ ಕೂಡಿತ್ತು.

ಈ ಭಾರವನ್ನು ಅಳೆಯುವವು ಆಸ್ಟಿಯೋಸೈಟ್‌ಗಳು. ಮೂಳೆ ಕಟ್ಟುತ್ತಾ ಕಟ್ಟುತ್ತಾ ಕೆಲವು ಆಸ್ಟಿಯೋಬ್ಲಾಸ್ಟ್‌ಗಳು ತಾವೇ ಅದರೊಳಗೆ ಸೇರಿಹೋಗುತ್ತವೆ. ಆಮೇಲೆ ಅವು ಆಸ್ಟಿಯೋಸೈಟ್. ನಮ್ಮ ಮೂಳೆಯಲ್ಲಿರೋ ಕೋಶಗಳಲ್ಲಿ ಶೇ 90ಕ್ಕಿಂತ ಜಾಸ್ತಿ ಇವೇ. ಸಣ್ಣ ಗೂಡಿನಲ್ಲಿ ಕೂತು, ಸುತ್ತಲೂ ಕಾಲುವೆಗಳಲ್ಲಿ ಹತ್ತಾರು ತೋಳು ಚಾಚಿ, ಅಕ್ಕಪಕ್ಕದವುಗಳ ಜೊತೆ ಸಂಪರ್ಕ ಇಟ್ಟುಕೊಂಡಿರುತ್ತವೆ. ಮೂಳೆಯ ಮೇಲೆ ಭಾರ ಬಿದ್ದಾಗ ಆ ಕಾಲುವೆಯೊಳಗಿನ ದ್ರವ ಹರಿಯುತ್ತದೆ. ಅದು ಇವಕ್ಕೆ ಗೊತ್ತಾಗುತ್ತದೆ. ಆಗ ಇವು ಸ್ಕ್ಲೆರೋಸ್ಟಿನ್ ಅನ್ನೋ ಪ್ರೋಟೀನನ್ನು ಕಮ್ಮಿ ಮಾಡುತ್ತವೆ. ಮೂಳೆ ಕಟ್ಟುವ ಕೆಲಸಕ್ಕೆ ತಡೆ ಹಾಕುವ ಪ್ರೋಟೀನ್ ಅದು. ತಡೆ ಕಮ್ಮಿಯಾದಂತೆ ಆಸ್ಟಿಯೋಬ್ಲಾಸ್ಟ್‌ಗಳು ಕೆಲಸ ಮಾಡುತ್ತವೆ. ಬಾಹ್ಯಾಕಾಶದಲ್ಲಿ ಭಾರವೇ ಇಲ್ಲದೆ ಇರುವವರ ಸೊಂಟದ ಮೂಳೆ ತಿಂಗಳಿಗೆ ಶೇ 1ರಿಂದ 1.5ರಷ್ಟು ಕರಗುತ್ತದೆ. ಹಾಸಿಗೆ ಹಿಡಿದವರಿಗೂ ಮೂಳೆ ಕರಗುತ್ತದೆ.

ಹಾಗಾಗಿ ವಾಕರ್ ಹಿಡಿದು ನಮ್ಮ ಬೀದಿಯ ಗಣಪತಿ ಗುಡಿಯ ತನಕ ಬೆಳಿಗ್ಗೆ ಸಂಜೆ ನಡೆದೆ. ಲುಂಗಿಯ ಕೆಳಗೆ ರಿಂಗ್ ಕಾಣುತ್ತಿತ್ತು. ಮಕ್ಕಳು ನೋಡುತ್ತಿದ್ದವು, ನೋಡಲಿ. ಪಾದ ಕೆಳಕ್ಕೆ ಬಾಗಿ ನಿಂತುಬಿಡದ ಹಾಗೆ ಫಿಸಿಯೋ ಹೇಳಿಕೊಟ್ಟ ವ್ಯಾಯಾಮವನ್ನೂ ಬಿಡಲಿಲ್ಲ. ಸರಿಯುವ ಮೂಳೆಯ ಜೊತೆ ಮಾಂಸಖಂಡ ಅಷ್ಟು ಬೇಗ ಹೊಂದಿಕೊಳ್ಳುವುದಿಲ್ಲ, ಮೊದಲು ಹಟ ಹಿಡಿಯುವುದು ಅದೇ.

ಕೆಳಗಿನ ಖಾಲಿ ಜಾಗದಲ್ಲಿ ಎರಡು ತುದಿಗಳು ಬಂದು ಮುಟ್ಟಿದವು. ಅಷ್ಟಕ್ಕೇ ಅವು ಕೂಡುವುದಿಲ್ಲ. ಅಷ್ಟು ದಿನ ಒಂಟಿಯಾಗಿದ್ದ ತುದಿಯ ಮೇಲೆ ನಾರಿನ ಪದರ ಬೆಳೆದಿರುತ್ತದೆ. ಸಣ್ಣ ಆಪರೇಷನ್ ಮಾಡಿ ಅದನ್ನು ಹೆರೆದು, ಸೊಂಟದ ಎಲುಬಿನಿಂದ ಒಂದಿಷ್ಟು ಮೂಳೆ ಚೂರು ತಂದು ಆ ಸಂದಿಗೆ ತುಂಬಿದರು. ಆ ಚೂರುಗಳ ಹೆಚ್ಚಿನ ಕೋಶಗಳು ಸತ್ತೇ ಹೋಗುತ್ತವೆ. ಆದರೂ ಅದರಲ್ಲಿ ಅಡಗಿರುವ ಪ್ರೋಟೀನ್‌ಗಳು ಸುತ್ತಲಿನ ಕಾಂಡಕೋಶಗಳನ್ನು ಮೂಳೆಕೋಶಗಳಾಗಿ ಬದಲಾಯಿಸುತ್ತವೆ. 1965ರಲ್ಲಿ ಅಮೆರಿಕದ ಮಾರ್ಷಲ್ ಯೂರಿಸ್ಟ್ ಕ್ಯಾಲ್ಸಿಯಂ ತೆಗೆದ ಮೂಳೆಯನ್ನು ಪ್ರಾಣಿಗಳ ಮಾಂಸದೊಳಗೆ ಇಟ್ಟು ನೋಡಿದಾಗ, ಮೂಳೆಯೇ ಇಲ್ಲದ ಆ ಜಾಗದಲ್ಲಿ ಹೊಸ ಮೂಳೆ ಹುಟ್ಟಿತ್ತು. ಮೂಳೆಗೆ ಮೂಳೆ ಹಾಕುವುದಕ್ಕೆ ಇಷ್ಟು ಆಳದ ಕಾರಣ ಇದೆ.

ಎಳೆಯುವುದು ಮುಗಿದ ಮೇಲೆ ಎಲ್ಲಾ ಮುಗಿಯಿತು ಅಂತ ಯಾರೂ ತಿಳಿಯಬಾರದು. ಎಳೆದದ್ದಕ್ಕಿಂತ ಎಷ್ಟೋ ಜಾಸ್ತಿ ಕಾಲ ಕಾಯಬೇಕು. ಬೆಳೆದ ಮೂಳೆ ಗಟ್ಟಿಯಾಗಲು ಸೆಂಟಿಮೀಟರಿಗೆ ಒಂದು ತಿಂಗಳಿಗಿಂತ ಹೆಚ್ಚೇ ಬೇಕು. ನನಗೆ ನಿಜವಾಗಿ ಕಷ್ಟವಾದದ್ದು ಈ ಹಂತ. ತಿರುಗಿಸುವ ಕೆಲಸವೂ ಇಲ್ಲ, ದಿನಗಳು ಸಾಗುವುದಿಲ್ಲ.

ಊರಿಂದ ಅತ್ತೆ ಮೂಳೆಗೆ ಒಳ್ಳೆಯದು ಅಂತ ಮಂಗರವಳ್ಳಿ ಬಳ್ಳಿ ತಂದು ಚಟ್ನಿ ಮಾಡಿ ಬಡಿಸಿದರು. ಕಾಲು ಸೂಪ್ ಬಂತು. ಪ್ರೀತಿಯಿಂದ ತಂದದ್ದು, ತಿಂದೆ. ಡಾಕ್ಟರ್ ಒತ್ತಿ ಹೇಳಿದ್ದು ಬೇರೆ: ಮೊಟ್ಟೆ, ಬೇಳೆ, ಹಾಲು ಜಾಸ್ತಿ ತಿನ್ನಿ. ಮೂಳೆ ಅಂದ್ರೆ ಬರೀ ಕ್ಯಾಲ್ಸಿಯಂ ಅಲ್ಲ, ಅದರ ಹಂದರ ಪ್ರೋಟೀನ್. ನಮ್ಮ ಮುದ್ದೆ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ವಿಟಮಿನ್ ಡಿ ನನ್ನಲ್ಲಿ ತುಂಬಾ ಕಮ್ಮಿ ಇತ್ತು, ಅದಕ್ಕೆ ಔಷಧಿ ಕೊಟ್ಟರು. ಬೀಡಿ ಸಿಗರೇಟು ಪೂರ್ತಿ ಬಂದ್ ಅಂತ ವಾರ್ಡಿನಲ್ಲಿ ಎಲ್ಲರಿಗೂ ಹೇಳುತ್ತಿದ್ದರು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ರಕ್ತ ಇಲ್ಲದೆ ಕಾಂಡಕೋಶ ಮೂಳೆಕೋಶ ಆಗುವುದಿಲ್ಲ. ಮೆಡಿಕಲ್ ಶಾಪ್‌ನಿಂದ ನಾವೇ ನೋವಿನ ಮಾತ್ರೆ ತಂದು ತಿನ್ನಬಾರದು ಅಂತಲೂ ಹೇಳಿದ್ದರು. ಕೆಲವು ಮಾತ್ರೆಗಳು ಮೂಳೆ ಕೂಡುವುದನ್ನು ನಿಧಾನ ಮಾಡಬಹುದು.

ಈ ಕಾಯುವ ತಿಂಗಳುಗಳಲ್ಲಿ ಇನ್ನೊಂದು ಕೋಶ ಕೆಲಸಕ್ಕೆ ಇಳಿಯುತ್ತದೆ, ಆಸ್ಟಿಯೋಕ್ಲಾಸ್ಟ್. ಇದು ಮೂಳೆ ಕರಗಿಸುವ ಕೋಶ. ಇದರ ಮೂಲವೇ ಬೇರೆ. ಬಿಳಿ ರಕ್ತಕಣಗಳು ಹುಟ್ಟುವ ವಂಶದಿಂದ ಬಂದ ಹಲವು ಕೋಶಗಳು ಒಂದಾಗಿ ಬೆರೆತು ಒಂದು ದೊಡ್ಡ ಕೋಶ ಆಗುತ್ತದೆ. ಅದಕ್ಕೇ ಅದರೊಳಗೆ ಹಲವು ಕೋಶಕೇಂದ್ರಗಳು. ಮೂಳೆಗೆ ಅಂಟಿ ಕೂತು, ಆಮ್ಲ ಬಿಟ್ಟು ಖನಿಜ ಕರಗಿಸಿ, ಕಿಣ್ವ ಬಿಟ್ಟು ಕೊಲ್ಯಾಜೆನ್ ಕತ್ತರಿಸುತ್ತದೆ. ಕೇಳಿದರೆ ಶತ್ರು ಅನ್ನಿಸುತ್ತದೆ. ಆದರೆ ಮೊದಲು ಬೆಳೆದ ಮೂಳೆ ಅವಸರದ್ದು, ಅಷ್ಟು ಗಟ್ಟಿ ಇರುವುದಿಲ್ಲ. ಇದು ಅದನ್ನು ಕರಗಿಸಿ ಜಾಗ ಮಾಡುತ್ತದೆ. ಹಿಂದೆಯೇ ಆಸ್ಟಿಯೋಬ್ಲಾಸ್ಟ್‌ಗಳು ಬಂದು ಪದರ ಪದರವಾಗಿ ಗಟ್ಟಿ ಮೂಳೆ ಹಾಕುತ್ತವೆ. ಒಂದು ಜಾಗದಲ್ಲಿ ಕರಗಿಸಲು ಕೆಲವು ವಾರ ಸಾಕು, ಮತ್ತೆ ತುಂಬಲು ತಿಂಗಳುಗಳೇ ಬೇಕು. ಏನೂ ಮುರಿಯದವರ ಮೈಯಲ್ಲೂ ಇದು ನಡೆಯುತ್ತಲೇ ಇರುತ್ತದೆ. ದೊಡ್ಡವರಲ್ಲಿ ವರ್ಷಕ್ಕೆ ಅಸ್ಥಿಪಂಜರದ ಸುಮಾರು ಶೇ 10 ಭಾಗ ಹೀಗೆ ಹೊಸದಾಗುತ್ತದೆ.

ಎಕ್ಸ್‌ರೇಯ ಎರಡು ಕೋನಗಳಲ್ಲಿ ಕಾಣುವ ನಾಲ್ಕು ಗೋಡೆಗಳ ಪೈಕಿ ಕನಿಷ್ಠ ಮೂರು ಗಟ್ಟಿಯಾಗಿ ಕಂಡರೆ ರಿಂಗ್ ತೆಗೆಯಬಹುದು ಅನ್ನೋದು ಡಾಕ್ಟರ್ ಲೆಕ್ಕ. ಅದಕ್ಕೂ ಮೊದಲು ರಾಡುಗಳ ನಟ್ಟು ಸಡಿಲ ಮಾಡಿ, ಭಾರವೆಲ್ಲ ಮೂಳೆಯ ಮೇಲೇ ಬೀಳುವ ಹಾಗೆ ಕೆಲವು ವಾರ ನಡೆಸಿದರು. ನೋವು ಬರಲಿಲ್ಲ, ಮೂಳೆ ಬಾಗಲಿಲ್ಲ. ಆಮೇಲೆ ರಿಂಗ್ ತೆಗೆದರು. ತಂತಿ ಹೋದ ತೂತುಗಳೂ ಮೂಳೆಯಿಂದಲೇ ತುಂಬಿಕೊಳ್ಳುತ್ತವೆ, ಆದರೆ ಅಲ್ಲಿಯವರೆಗೆ ಆ ಜಾಗ ಸ್ವಲ್ಪ ದುರ್ಬಲ. ಅದಕ್ಕೇ ಕೆಲವು ವಾರ ಬ್ರೇಸ್ ಹಾಕಿಕೊಂಡೇ ಓಡಾಡಿದೆ.

ಈಗ ನಿಂತು ಲೇತ್ ನಡೆಸುತ್ತೇನೆ. ಎಡಗಾಲು ಬಲಗಾಲಿಗಿಂತ ಒಂದು ಚೂರು ಗಿಡ್ಡ, ಚಪ್ಪಲಿಯ ಹಿಮ್ಮಡಿಗೆ ಒಂದು ಪದರ ಹಾಕಿಸಿಕೊಂಡಿದ್ದೇನೆ. ಮೊನ್ನೆಯ ಎಕ್ಸ್‌ರೇಯಲ್ಲಿ ಹೊಸ ಮೂಳೆಯ ಮಧ್ಯೆ ಮಜ್ಜೆಯ ಕೊಳವೆ ಮತ್ತೆ ತೆರೆದುಕೊಳ್ಳುತ್ತಿರುವುದು ಕಾಣಿಸಿತು. ಆಸ್ಟಿಯೋಕ್ಲಾಸ್ಟ್‌ಗಳು ಒಳಗಿನಿಂದ ಕೊರೆಯುತ್ತಿವೆ. ಇನ್ನೂ ಒಂದೆರಡು ವರ್ಷ ಈ ಕೆಲಸ ನಡೆಯುತ್ತದೆ ಅಂದರು ಡಾಕ್ಟರ್. ಮುಂದಿನ ಎಕ್ಸ್‌ರೇ ಆರು ತಿಂಗಳ ಮೇಲೆ.